ಮುಟ್ಟು ನಿಂತ ಮೇಲೆ ವಸಡು ಇಳಿಯುತ್ತಿದೆ, ನಾಲಗೆ ಉರಿಯುತ್ತಿದೆ: ಮೊದಲು ಏನು ಮಾಡಿಸಬೇಕು?

ಪ್ರಶ್ನೆ: ನನಗೀಗ 51 ವರ್ಷ. ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿಯಾಗಿದ್ದೇನೆ. ಮುಟ್ಟು ನಿಂತು ಎರಡು ವರ್ಷವಾಯಿತು. ಅದಕ್ಕೆ ಮೊದಲು ಹಲ್ಲಿನ ತೊಂದರೆಯೆಂದು ವೈದ್ಯರ ಬಳಿ ಹೋದವಳೇ ಅಲ್ಲ. ಈಗ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಕೆಳಗಿನ ಮುಂಭಾಗದ ಹಲ್ಲುಗಳ ಬೇರು ಕಾಣುವಷ್ಟು ವಸಡು ಇಳಿದಿದೆ, ಮೇಲಿನ ಬಲಭಾಗದ ಒಂದು ದವಡೆ ಹಲ್ಲು ಸ್ವಲ್ಪ ಅಲ್ಲಾಡುತ್ತದೆ. ರಾತ್ರಿ ಬಾಯಿ ಒಣಗಿ ಎದ್ದೆದ್ದು ನೀರು ಕುಡಿಯುತ್ತೇನೆ. ಮಧ್ಯಾಹ್ನದ ನಂತರ ಮೆಣಸಿನಕಾಯಿ ಕಚ್ಚಿದಂತೆ ನಾಲಗೆ ಉರಿಯುತ್ತದೆ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೂಳೆ ಸವೆದಿದೆ ಎಂದು ಮೂಳೆ ವೈದ್ಯರು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ, ಇನ್ನೂ ಆರಂಭಿಸಿಲ್ಲ. ಊಟದ ನಂತರ ಎಲೆ ಅಡಿಕೆ ಹಾಕುವ ಅಭ್ಯಾಸವಿದೆ, ಹೊಗೆಸೊಪ್ಪು ಇಲ್ಲ. ದಂತವೈದ್ಯರು ವಸಡಿನ ಒಳಗಿನವರೆಗೂ ಕ್ಲೀನಿಂಗ್ ಮಾಡಿಸಬೇಕು, ಅಲ್ಲಾಡುವ ಹಲ್ಲನ್ನು ಕೀಳಬೇಕಾಗಬಹುದು ಎಂದರು. ಕ್ಲೀನಿಂಗ್ ಮಾಡಿಸಿದ ಮೇಲೆಯೇ ತಮ್ಮ ಹಲ್ಲು ಸಡಿಲವಾದವು ಎನ್ನುತ್ತಾರೆ ನಮ್ಮ ಅತ್ತಿಗೆ. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಎಂದು ಅಮ್ಮ ಹೆದರುತ್ತಾರೆ. ಮೂಳೆ ಮಾತ್ರೆ ಶುರುಮಾಡಿದರೆ ಮುಂದೆ ಹಲ್ಲು ಮುಟ್ಟುವಂತೆಯೇ ಇಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಇದೆಲ್ಲ ಮುಟ್ಟು ನಿಂತದ್ದರಿಂದಲೇ ಆಗಿದೆಯೆ? ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆಯೆ? ಯಾವುದನ್ನು ಮೊದಲು ಮಾಡಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ವಸಡಿನ ಸೋಂಕು ಮತ್ತು ಅಲ್ಲಾಡುವ ಹಲ್ಲು ಒಂದು, ಬಾಯಿ ಒಣಗುವುದು ಇನ್ನೊಂದು, ನಾಲಗೆಯ ಉರಿ ಮತ್ತೊಂದು. ಇವುಗಳ ಜೊತೆಗೆ ಮೂಳೆಯ ಮಾತ್ರೆಯ ಬಗೆಗಿನ ಆತಂಕವೂ ಸೇರಿಕೊಂಡಿದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಾಣಿಸಿಕೊಂಡಿದ್ದರಿಂದ ಎಲ್ಲಕ್ಕೂ ಮುಟ್ಟು ನಿಂತದ್ದೇ ಕಾರಣ ಎಂದು ನಿಮಗೆ ತೋರಿರುವುದು ಸಹಜ. ವಸಡಿನ ಚಿಕಿತ್ಸೆಯಲ್ಲೇ ವೃತ್ತಿಜೀವನ ಕಳೆದಿರುವ ನನಗೆ ಈ ವಯಸ್ಸಿನ ಮಹಿಳೆಯರ ವಿಷಯದಲ್ಲಿ ಅತ್ಯಂತ ಬೇಸರ ತರುವ ಸಂಗತಿಯೂ ಇದೇ ಆಗಿದೆ. ‘ವಯಸ್ಸಾಯಿತು, ಹಾರ್ಮೋನ್ ಏರುಪೇರು, ಏನೂ ಮಾಡಲಾಗದು’ ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ಹೇಳಿಬಿಡುತ್ತಾರೆ, ಉಳಿಸಬಹುದಾಗಿದ್ದ ಹಲ್ಲುಗಳು ಆ ಒಂದು ಮಾತಿನಿಂದಾಗಿಯೇ ಹೋಗುತ್ತವೆ.

ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತೇವೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ರ ಆಸುಪಾಸಿನಲ್ಲಿ ಆಗುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಆಗ ಇಳಿಯುವ ಈಸ್ಟ್ರೋಜನ್ ಹಾರ್ಮೋನ್ ಗರ್ಭಕೋಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ವಸಡು, ಬಾಯಿಯ ಒಳಪೊರೆ, ಜೊಲ್ಲು ಗ್ರಂಥಿ, ಹಲ್ಲನ್ನು ಮೂಳೆಗೆ ಕಟ್ಟಿಹಾಕುವ ನಾರುಗಳು ಇವೆಲ್ಲವುಗಳ ಜೀವಕೋಶಗಳಲ್ಲಿಯೂ ಅದನ್ನು ಗುರುತಿಸುವ ಗ್ರಾಹಕಗಳಿವೆ. ಅದು ಕಡಿಮೆಯಾದಾಗ ಒಳಪೊರೆ ತೆಳುವಾಗಬಹುದು, ಜೊಲ್ಲಿನ ಹರಿವು ಇಳಿಯಬಹುದು. ಮೂಳೆಯನ್ನು ಕರಗಿಸುವ ಕೋಶಗಳ ಕೆಲಸಕ್ಕಿದ್ದ ಕಡಿವಾಣ ಸಡಿಲವಾಗುವುದರಿಂದ ಸೊಂಟ ಮತ್ತು ಬೆನ್ನುಮೂಳೆಯಂತೆ ದವಡೆಯ ಮೂಳೆಯೂ ಸವೆಯಬಹುದು.

ಇಷ್ಟೆಲ್ಲ ನಿಜವಾದರೂ ಹಾರ್ಮೋನ್ ಇಳಿದ ಮಾತ್ರಕ್ಕೆ ಯಾರ ಹಲ್ಲೂ ಅಲ್ಲಾಡುವುದಿಲ್ಲ. ವಸಡಿನ ರೋಗವನ್ನು ಉಂಟುಮಾಡುವುದು ಹಲ್ಲಿನ ಬುಡದಲ್ಲಿ ದಿನವೂ ಕೂರುವ ಪಾಚಿ. ಇದು ಬ್ಯಾಕ್ಟೀರಿಯಾಗಳ ಅಂಟಾದ ಪದರ. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜ ಸೇರಿ ಅದು ಗಟ್ಟಿಯಾದ ಕಿಟ್ಟವಾಗುತ್ತದೆ, ಅದರ ಒರಟು ಮೈಮೇಲೆ ಹೊಸ ಪಾಚಿ ಇನ್ನೂ ಸುಲಭವಾಗಿ ಕೂರುತ್ತದೆ. ಅದನ್ನು ಎದುರಿಸಲು ದೇಹ ಹೂಡುವ ಉರಿಯೂತದ ಹೋರಾಟದಲ್ಲಿ ಹಲ್ಲಿನ ಸುತ್ತಲಿನ ಮೂಳೆ ಕರಗುತ್ತದೆ. ಈಸ್ಟ್ರೋಜನ್ ಇಲ್ಲದಾಗ ಈ ಹೋರಾಟ ತೀವ್ರವಾಗುತ್ತದೆ, ಮೂಳೆ ಬೇಗ ಸೋಲುತ್ತದೆ. ಮುಟ್ಟು ನಿಲ್ಲುವ ಮೊದಲು ದಂತವೈದ್ಯರನ್ನು ಕಂಡಿರಲೇ ಇಲ್ಲ ಎಂದಿದ್ದೀರಿ. ನಿಮ್ಮ ರೋಗ ನಲವತ್ತರ ಮೊದಲೇ ನೋವಿಲ್ಲದೆ ಶುರುವಾಗಿ, ಮುಟ್ಟು ನಿಂತ ಮೇಲೆ ವೇಗ ಪಡೆದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿದ್ದರೆ ಅದು ನಿರಾಶೆಯ ಮಾತಲ್ಲ, ಏಕೆಂದರೆ ಹಾರ್ಮೋನನ್ನು ನಾವು ಹಿಂದಕ್ಕೆ ತರಲಾಗದಿದ್ದರೂ ಪಾಚಿಯನ್ನು ಖಂಡಿತ ತೆಗೆಯಬಹುದು.

ಇನ್ನು ನಿಮ್ಮ ಅತ್ತಿಗೆಯವರ ಮಾತು. ಕ್ಲೀನಿಂಗ್ ನಂತರ ಹಲ್ಲು ಸಡಿಲವಾದಂತೆ, ಸಂದಿ ಅಗಲವಾದಂತೆ ಅನಿಸುವುದು ನಿಜ, ಅವರು ಸುಳ್ಳು ಹೇಳುತ್ತಿಲ್ಲ. ವರ್ಷಗಟ್ಟಲೆ ಕೂತ ಕಿಟ್ಟ ಸಂದಿಗಳನ್ನು ತುಂಬಿಕೊಂಡು, ಮೂಳೆ ಕಳೆದುಕೊಂಡ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಆಗಿದ್ದ ನಷ್ಟ ಬಯಲಿಗೆ ಬರುತ್ತದೆ. ಊದಿಕೊಂಡಿದ್ದ ವಸಡು ಬಾವು ಇಳಿದು ಕುಗ್ಗುವುದರಿಂದ ಬೇರು ಇನ್ನಷ್ಟು ಕಾಣಬಹುದು, ಕೆಲವು ವಾರ ತಣ್ಣನೆಯ ನೀರಿಗೆ ಹಲ್ಲು ಜುಮ್ಮೆನ್ನಬಹುದು. ಈ ತೊಂದರೆಗಳನ್ನು ಚಿಕಿತ್ಸೆಗೆ ಮೊದಲೇ ಹೇಳುವುದು ವೈದ್ಯರ ಕರ್ತವ್ಯ. ಹೇಳದಿದ್ದಾಗಲೇ ಇಂಥ ನಂಬಿಕೆ ಹುಟ್ಟುತ್ತದೆ. ಬಾವು ಇಳಿದು ನಾರುಗಳು ಮತ್ತೆ ಬಿಗಿಯಾದ ಮೇಲೆ, ಅಲ್ಲಾಟ ಅಲ್ಪವಾಗಿದ್ದ ಹಲ್ಲುಗಳು ಎರಡು ಮೂರು ತಿಂಗಳಲ್ಲಿ ಮೊದಲಿಗಿಂತ ಗಟ್ಟಿಯಾಗುವುದನ್ನು ನಾನು ಸಾಮಾನ್ಯವಾಗಿ ಕಾಣುತ್ತೇನೆ.

ಹಾಗಾಗಿ ಅಲ್ಲಾಡುವ ಆ ದವಡೆ ಹಲ್ಲಿನ ಬಗ್ಗೆ ಇಂದೇ ತೀರ್ಮಾನ ಮಾಡುವ ಅಗತ್ಯವಿಲ್ಲ. ಅದು ಅಲ್ಲಾಡುತ್ತದೆ ಎನ್ನುವುದಷ್ಟೇ ಕೀಳಲು ಕಾರಣವಾಗದು. ತೆಳುವಾದ ಅಳತೆಕಡ್ಡಿಯಿಂದ ಹಲ್ಲು ಮತ್ತು ವಸಡಿನ ನಡುವಿನ ಆಳವನ್ನು ಪ್ರತಿ ಹಲ್ಲಿಗೂ ಆರು ಕಡೆ ಅಳೆಯಬೇಕು. 1ರಿಂದ 3 ಮಿಲಿಮೀಟರ್ ಆರೋಗ್ಯದ ಲಕ್ಷಣ, 4 ಅಥವಾ ಅದಕ್ಕಿಂತ ಹೆಚ್ಚಾಗಿ ರಕ್ತವೂ ಬಂದರೆ ರೋಗ. ಎಕ್ಸ್‌ರೇಯಲ್ಲಿ ಬೇರಿನ ಎಷ್ಟು ಭಾಗಕ್ಕೆ ಮೂಳೆಯ ಆಸರೆ ಉಳಿದಿದೆ, ಬೇರುಗಳು ಕವಲೊಡೆಯುವ ಜಾಗದಲ್ಲಿ ಮೂಳೆ ಹೋಗಿದೆಯೆ ಎಂದು ನೋಡಬೇಕು. ಈ ಅಳತೆಗಳಿಲ್ಲದೆ ಯಾರಾದರೂ ‘ಕೀಳಿಸಿ’ ಎಂದರೆ, ಅಥವಾ ‘ಏನೂ ಆಗಿಲ್ಲ’ ಎಂದರೆ, ಅಳತೆ ಮಾಡಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಸಾಮಾನ್ಯ ಕ್ರಮದಲ್ಲಿ ಮೊದಲು ಮರಗಟ್ಟುವ ಚುಚ್ಚುಮದ್ದು ಕೊಟ್ಟು ವಸಡಿನ ಒಳಗಿನವರೆಗೂ ಕಿಟ್ಟವನ್ನು ತೆಗೆದು, ಸುಮಾರು ಮೂರು ತಿಂಗಳ ನಂತರ ಮತ್ತೆ ಅಳೆಯುತ್ತೇವೆ. ಆಗಲೂ 6 ಮಿಲಿಮೀಟರಿಗಿಂತ ಆಳದ ಜಾಗಗಳು ಉಳಿದಿದ್ದರೆ ವಸಡನ್ನು ಬಿಡಿಸಿ ಒಳಗೆ ನೋಡಿ ಶುಚಿಗೊಳಿಸುವ ಸಣ್ಣ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದರಿಂದ ಪ್ರಯೋಜನವಾಗುತ್ತದೆ, ಆದರೆ ವಸಡು ಇನ್ನಷ್ಟು ಕೆಳಗಿಳಿಯುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೂಳೆಯ ಆಸರೆ ಬಹುಪಾಲು ಹೋಗಿ ಹಲ್ಲು ಮೇಲೆ ಕೆಳಗೂ ಚಲಿಸುವಂತಿದ್ದರೆ ಅದನ್ನು ತೆಗೆಯುವುದೇ ಪಕ್ಕದ ಹಲ್ಲುಗಳಿಗೆ ಹಿತ. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಎಂಬ ಮಾತಿಗೆ ಆಧಾರವಿಲ್ಲ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಮೇಲಿನ ದವಡೆ ಹಲ್ಲಿಗೆ ಇರುವ ನಿಜವಾದ ಅಪಾಯ ಬೇರೊಂದು: ಅದರ ಬೇರುಗಳು ಮೂಗಿನ ಪಕ್ಕದ ಸೈನಸ್ ಕುಹರಕ್ಕೆ ಹತ್ತಿರವಿರುವುದರಿಂದ ಅಪರೂಪಕ್ಕೆ ಅಲ್ಲಿಗೆ ರಂಧ್ರವಾಗಬಹುದು. ಎಕ್ಸ್‌ರೇ ನೋಡಿ ಎಚ್ಚರಿಕೆಯಿಂದ ಕಿತ್ತರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು, ಆದರೂ ಆದರೆ ಹೊಲಿದು ಸರಿಪಡಿಸಬಹುದು. ಹಲ್ಲು ತೆಗೆದ ಜಾಗಕ್ಕೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸುವ ಸಲಹೆ ಬಂದರೆ, ವಸಡಿನ ಸೋಂಕು ಹತೋಟಿಗೆ ಬರುವವರೆಗೆ ಒಪ್ಪಬೇಡಿ. ಸ್ವಂತ ಹಲ್ಲನ್ನು ಉರುಳಿಸಿದ ಅದೇ ಸೋಂಕು ಇಂಪ್ಲಾಂಟಿನ ಸುತ್ತಲಿನ ಮೂಳೆಯನ್ನೂ ತಿನ್ನಬಲ್ಲದು.

ಈಗ ಮೂಳೆಯ ಮಾತ್ರೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅರ್ಧ ತಿಳಿದ ಭಯದಿಂದ ಮಾತ್ರೆ ಬಿಟ್ಟು ಸೊಂಟ ಮುರಿದುಕೊಂಡವರೂ ಇದ್ದಾರೆ. ಅಲೆಂಡ್ರೊನೇಟ್‌ನಂಥ ಔಷಧಗಳು ಮೂಳೆ ಕರಗುವುದನ್ನು ತಡೆಯುತ್ತವೆ. ಇವುಗಳನ್ನು ಪಡೆಯುತ್ತಿದ್ದ ಕೆಲವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ, ದವಡೆಯ ಮೂಳೆ ಎಂಟು ವಾರಕ್ಕಿಂತ ಹೆಚ್ಚು ಕಾಲ ಹೊರಗೆ ಕಾಣುತ್ತ ಉಳಿಯುವ ತೊಂದರೆಯನ್ನು ವೈದ್ಯರು 2003ರಿಂದ ವರದಿ ಮಾಡತೊಡಗಿದರು. ಆದರೆ ಆ ರೋಗಿಗಳಲ್ಲಿ ಹೆಚ್ಚಿನವರು ಕ್ಯಾನ್ಸರ್ ಮೂಳೆಗೆ ಹರಡಿದ್ದರಿಂದ ಇದೇ ಬಗೆಯ ಔಷಧವನ್ನು ರಕ್ತನಾಳದ ಮೂಲಕ ಮತ್ತೆ ಮತ್ತೆ, ಬಹಳ ಹೆಚ್ಚಿನ ಪ್ರಮಾಣದಲ್ಲಿ ಪಡೆದವರು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ನುಂಗುವವರಲ್ಲಿ ಈ ಅಪಾಯ ಹತ್ತು ಸಾವಿರಕ್ಕೆ ಐದರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇದೆ, ಮೊದಲ ಕೆಲವು ವರ್ಷಗಳಲ್ಲಂತೂ ಇನ್ನೂ ಕಡಿಮೆ. ಮುರಿದ ಸೊಂಟದಿಂದ ಹಾಸಿಗೆ ಹಿಡಿಯುವ ಅಪಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರೆಯ ಪಕ್ಷವೇ ಭಾರ.

‘ಮುಂದೆ ಹಲ್ಲು ಮುಟ್ಟುವಂತಿಲ್ಲ’ ಎಂಬುದು ಅದರಿಂದಾಗಿ ತಪ್ಪು. ಮಾತ್ರೆಯ ಮೇಲಿರುವವರಿಗೂ ಕ್ಲೀನಿಂಗ್, ಹುಳುಕು ತುಂಬುವುದು, ರೂಟ್ ಕೆನಾಲ್ ಎಲ್ಲವನ್ನೂ ಮಾಡುತ್ತೇವೆ, ಬೇಕಾದರೆ ಹಲ್ಲನ್ನೂ ಕೀಳುತ್ತೇವೆ, ಗಾಯ ಮಾಯುವವರೆಗೆ ಹೆಚ್ಚಿನ ನಿಗಾ ಇಡುತ್ತೇವೆ. ಹಾಗೆ ನೋಡಿದರೆ ಮಾಯದ ಗಾಯಕ್ಕೆ ಹಲ್ಲು ಕೀಳುವುದಕ್ಕಿಂತ ಕೀಳುವ ಸ್ಥಿತಿಗೆ ತಂದ ಸೋಂಕೇ ದೊಡ್ಡ ಕಾರಣ, ಆದ್ದರಿಂದ ಹೆದರಿ ಸೋಂಕನ್ನು ಹಾಗೆಯೇ ಬಿಡುವುದು ಅತ್ಯಂತ ಕೆಟ್ಟ ಆಯ್ಕೆ. ನೀವು ಇನ್ನೂ ಮಾತ್ರೆ ಆರಂಭಿಸದಿರುವುದು ಒಂದು ಅನುಕೂಲ. ಉಳಿಯಲಾರದ ಹಲ್ಲು ಇದ್ದರೆ ಈಗಲೇ ತೆಗೆಸಿ, ಗಾಯ ಮಾಯ್ದ ಮೇಲೆ ಶುರುಮಾಡುವುದು ಒಳ್ಳೆಯದು. ಆದರೆ ಆ ನೆಪದಲ್ಲಿ ತಿಂಗಳುಗಟ್ಟಲೆ ಮುಂದೂಡಬಾರದು. ನಿಮ್ಮ ಮೂಳೆ ತುಂಬ ದುರ್ಬಲವಾಗಿದೆ, ಈಗಾಗಲೇ ಒಂದು ಮೂಳೆ ಮುರಿದಿದೆ ಎಂದಾದರೆ ಮೂಳೆ ವೈದ್ಯರು ಕಾಯಲು ಒಪ್ಪದಿರಬಹುದು, ಆಗ ಎರಡನ್ನೂ ಜೊತೆಜೊತೆಗೇ ನಡೆಸಬಹುದು. ಮುಂದೆ ಯಾವಾಗಲಾದರೂ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದಿಗೆ ಬದಲಾಯಿಸಿದರೆ, ಹಲ್ಲಿನ ಕೆಲಸಕ್ಕೆಂದು ಅದನ್ನು ನೀವಾಗಿಯೇ ತಪ್ಪಿಸಬೇಡಿ. ಆ ಔಷಧವನ್ನು ಹಠಾತ್ತನೆ ನಿಲ್ಲಿಸಿದಾಗ ಬೆನ್ನುಮೂಳೆಗಳು ಮುರಿದ ಉದಾಹರಣೆಗಳಿವೆ.

ಬಾಯಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಅಲೆಂಡ್ರೊನೇಟ್ ಮಾತ್ರೆ ನಾಲಗೆಯ ಮೇಲೆ ಅಥವಾ ಗಂಟಲಲ್ಲಿ ನಿಂತರೆ ಅಲ್ಲಿ ಹುಣ್ಣು ಮಾಡುತ್ತದೆ, ಒಣ ಬಾಯಿಯವರಲ್ಲಿ ಅದು ಅಂಟಿಕೊಳ್ಳುವ ಸಂಭವ ಹೆಚ್ಚು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮೊದಲು ಬಾಯಿ ತೇವ ಮಾಡಿಕೊಂಡು, ಅಗಿಯದೆ ಚೀಪದೆ ಒಂದು ದೊಡ್ಡ ಲೋಟ ಬರಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ಕುಳಿತಿರಿ ಅಥವಾ ಓಡಾಡುತ್ತಿರಿ. ಆ ಅರ್ಧ ಗಂಟೆ ಹಾಲು, ಕಾಫಿ, ರಾಗಿ ಗಂಜಿ, ಕ್ಯಾಲ್ಸಿಯಂ ಮಾತ್ರೆ ಯಾವುದೂ ಬೇಡ.

ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಕೇಳಿದ್ದೀರಿ. ಅದನ್ನು ಪಡೆಯುವ ಮಹಿಳೆಯರಲ್ಲಿ ಹಲ್ಲು ಉದುರುವುದು ಕಡಿಮೆ ಎಂದು ಕೆಲವು ಅಧ್ಯಯನಗಳು ಕಂಡುಕೊಂಡಿವೆ. ಆದರೆ ವಸಡಿಗಾಗಿಯೇ ಅದನ್ನು ಕೊಡುವ ಪದ್ಧತಿ ಇಲ್ಲ, ಕೊಡಬಾರದು ಕೂಡ. ಮೈ ಬಿಸಿಯೇರಿ ಬೆವರುವುದು, ನಿದ್ರೆಗೆಡುವುದು, ಯೋನಿ ಒಣಗುವುದು ನಿಮಗೆ ಬಾಧೆ ಕೊಡುತ್ತಿದ್ದರೆ ಸ್ತ್ರೀರೋಗ ತಜ್ಞರೊಂದಿಗೆ ಮಾತನಾಡಿ. ರಕ್ತ ಹೆಪ್ಪುಗಟ್ಟುವ ಸಂಭವ, ಸ್ತನ ಕ್ಯಾನ್ಸರಿನ ಕೌಟುಂಬಿಕ ಇತಿಹಾಸ, ನಿಮ್ಮ ರಕ್ತದೊತ್ತಡ ಇವನ್ನೆಲ್ಲ ತೂಗಿ ಅವರು ನಿರ್ಧರಿಸುತ್ತಾರೆ. ಕ್ಯಾಲ್ಸಿಯಂ ವಿಷಯವೂ ಹೀಗೆಯೇ. ಋತುಬಂಧದ ನಂತರ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ, ಹಾಲು ಮೊಸರು ಸೇರಿದರೆ ಮೂಳೆಗೆ ಒಳ್ಳೆಯದು. ಆದರೆ ರಕ್ತ ಬರುವ ವಸಡನ್ನು ಕ್ಯಾಲ್ಸಿಯಂ ಗುಣಪಡಿಸುವುದಿಲ್ಲ.

ಬಾಯಿ ಒಣಗುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ, ಹಲ್ಲನ್ನು ಆಮ್ಲದಿಂದ ಕಾಯುವುದು ಅದೇ. ಹಲ್ಲಿನ ಹೊರಕವಚ ಕರಗಲು ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕೆ ಇಳಿಯಬೇಕು. ವಸಡು ಇಳಿದು ಬಯಲಾದ ಬೇರಿಗೆ ಆ ಕವಚವಿಲ್ಲದ ಕಾರಣ ಅದು 6ಕ್ಕಿಂತ ಮೇಲಿರುವಾಗಲೇ ಕರಗತೊಡಗುತ್ತದೆ. ಆದ್ದರಿಂದ ನಿಮ್ಮ ಕೆಳಗಿನ ಮುಂದಿನ ಹಲ್ಲುಗಳ ಬೇರಿನಲ್ಲಿ ಹುಳುಕು ಹುಟ್ಟುವ ಅಪಾಯವೇ ಈಗ ನನ್ನ ದೊಡ್ಡ ಚಿಂತೆ. ರಾತ್ರಿ ಎದ್ದೆದ್ದು ನೀರು ಕುಡಿಯುತ್ತೀರೆಂದರೆ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿ. ಮಧುಮೇಹ ಬಾಯಿಯನ್ನು ಒಣಗಿಸುತ್ತದೆ, ವಸಡಿನ ರೋಗವನ್ನೂ ಉಲ್ಬಣಿಸುತ್ತದೆ. ಕಣ್ಣುಗಳೂ ಮರಳು ಬಿದ್ದಂತೆ ಒಣಗುತ್ತಿದ್ದರೆ ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳನ್ನು ಕೆಡಿಸುವ ಶೋಗ್ರೆನ್ ಎಂಬ ರೋಗದ ಪರೀಕ್ಷೆ ಬೇಕಾಗಬಹುದು, ಅದು ಹೆಚ್ಚಾಗಿ ಈ ವಯಸ್ಸಿನ ಹೆಂಗಸರಲ್ಲೇ ಕಾಣುತ್ತದೆ. ಅಲರ್ಜಿ, ನಿದ್ರೆ, ಖಿನ್ನತೆ, ಮೂತ್ರಕ್ಕೆ ಸಂಬಂಧಿಸಿದ ಅನೇಕ ಮಾತ್ರೆಗಳೂ ಬಾಯಿ ಒಣಗಿಸುತ್ತವೆ, ಬೇರೆ ಮಾತ್ರೆ ಇದ್ದರೆ ವೈದ್ಯರಿಗೆ ತೋರಿಸಿ. ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನು ಉಬ್ಬಿಸಿ ಹಲ್ಲಿನ ಮೇಲೆ ಬೆಳೆಸುತ್ತದೆ. ನಿಮ್ಮಲ್ಲಿ ವಸಡು ಇಳಿಯುತ್ತಿರುವುದರಿಂದ ಅದು ಇಲ್ಲಿ ಕಾರಣವಲ್ಲವೆಂದೇ ಕಾಣುತ್ತದೆ, ಹಾಗೆಂದು ಪರೀಕ್ಷೆಯ ದಿನ ಹೇಳುವುದನ್ನು ಮರೆಯಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ.

ಪಾಠ ಮಾಡುವಾಗ ಗಂಟಲೊಣಗುತ್ತದೆಂದು ಪೆಪ್ಪರ್‌ಮಿಂಟ್, ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಬಿಡಿ, ಬೇರಿನ ಹುಳುಕಿಗೆ ಅದಕ್ಕಿಂತ ಒಳ್ಳೆಯ ಆಹಾರವಿಲ್ಲ. ಗುಟುಕು ಗುಟುಕಾಗಿ ನೀರು ಕುಡಿಯಿರಿ, ಅಥವಾ ಸಕ್ಕರೆಯಿಲ್ಲದ, ಜೈಲಿಟಾಲ್ (ಹುಳುಕು ತರದ ಸಿಹಿ ಪದಾರ್ಥ) ಇರುವ ಚ್ಯೂಯಿಂಗ್ ಗಮ್ ಅಗಿಯಿರಿ. ತೂಕ ಇಳಿಸಲು ಬೆಳಗ್ಗೆ ನಿಂಬೆರಸ ಕುಡಿಯುತ್ತಿದ್ದರೆ ನಂತರ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಿ.

ನಾಲಗೆಯ ಉರಿಗೆ ಎರಡು ಸಾಧ್ಯತೆಗಳಿವೆ, ಅವುಗಳ ದಾರಿಗಳು ತೀರ ಬೇರೆ. ಬೆಳಗ್ಗೆ ಇಲ್ಲದೆ ಹೊತ್ತೇರಿದಂತೆ ಏರುವ, ಊಟ ಮಾಡುವಾಗ ಮರೆಯಾಗುವ, ನೋಡಿದರೆ ಬಾಯಲ್ಲಿ ಏನೂ ಕಾಣದ ಉರಿಯು ಋತುಬಂಧದ ಆಚೀಚಿನ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ನರಸಂಬಂಧಿ ತೊಂದರೆ. ಅದು ಕ್ಯಾನ್ಸರಾಗುವುದಿಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಆ ತೀರ್ಮಾನಕ್ಕೆ ಬರುವ ಮೊದಲು ಕಬ್ಬಿಣಾಂಶ, ಬಿ12, ಥೈರಾಯ್ಡ್, ಸಕ್ಕರೆ ಪರೀಕ್ಷಿಸಿ, ಬಾಯಲ್ಲಿ ಬೂಷ್ಟಿನ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಾಂಸಾಹಾರ ಸೇವಿಸದವರಲ್ಲಿ ಬಿ12 ಕೊರತೆ ಸಾಮಾನ್ಯ, ಸರಿಪಡಿಸಿದರೆ ಉರಿಯೂ ಹೋಗುವುದುಂಟು. ಉಳಿದವರಿಗೆ ವೈದ್ಯರು ನರಗಳ ಮೇಲೆ ಕೆಲಸ ಮಾಡುವ ಔಷಧಗಳನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಅವು ಮಂಪರು ತರುವಂಥವು, ಕೆಲವು ಚಟವಾಗಬಲ್ಲವು, ಅಂಗಡಿಯಿಂದ ನೀವಾಗಿಯೇ ತರುವ ಔಷಧವಲ್ಲ.

ಎರಡನೆಯ ಸಾಧ್ಯತೆಗೆ ನಿಮ್ಮ ಅಡಿಕೆ ಕಾರಣ. ಖಾರ ತಿಂದಾಗ ಮಾತ್ರ ಉರಿ ಹೆಚ್ಚುವುದು, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗುವುದು, ಮೂರು ಬೆರಳು ಒಟ್ಟಾಗಿ ಬಾಯಲ್ಲಿ ಹಿಡಿಯದಿರುವುದು ಇವು ಅಡಿಕೆಯಿಂದ ಬರುವ ಬಾಯಿಯ ನಾರುಗಟ್ಟುವಿಕೆಯ ಲಕ್ಷಣಗಳು. ಅದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. ಹೊಗೆಸೊಪ್ಪು ಇಲ್ಲ ಎಂದು ನೀವು ಒತ್ತಿ ಹೇಳಿದ್ದೀರಿ, ಅದು ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ಎರಡು ದಶಕಗಳಾಗಿವೆ. ಅಡಿಕೆಯೇ ಬದುಕಾಗಿರುವ ಸೀಮೆಯಲ್ಲಿ ಈ ಮಾತು ಹೇಳುವುದು ಸುಲಭವಲ್ಲ, ಆದರೂ ನನ್ನ ಸಲಹೆ ಅಡಿಕೆಯನ್ನು ಪೂರ್ತಿ ಬಿಡಿ ಎಂದೇ. ವಸಡು ಸಿಪ್ಪೆಯಂತೆ ಸುಲಿದು ಕೆಂಪಾಗುತ್ತಿದ್ದರೆ ಅದು ಬೇರೆಯೇ ಚರ್ಮರೋಗದ ಸೂಚನೆಯಾಗಿರಬಹುದು, ಆಗ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ಯಾವುದೇ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರದಲ್ಲಿ ಮಾಯದಿದ್ದರೆ ತಡಮಾಡದೆ ತೋರಿಸಿ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ, ಆದರೆ ತಪ್ಪದೆ ಮಾಡಬೇಕು. ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ಕಡಿಮೆ ಮಾಡಿದರೆ ಪಾಚಿ ಹೆಚ್ಚಿ ರಕ್ತವೂ ಹೆಚ್ಚುತ್ತದೆ. ಮೃದು ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತದೆ, ದಿನಕ್ಕೆರಡು ಬಾರಿ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ, ನೊರೆ ಉಗುಳಿ, ಹೆಚ್ಚು ನೀರಿನಿಂದ ಮುಕ್ಕಳಿಸಬೇಡಿ. ಬೇರು ಕಾಣುವ ಅಗಲ ಸಂದಿಗಳಿಗೆ ಹಲ್ಲಿನ ಸಂದಿ ಶುಚಿಗೊಳಿಸುವ ದಾರಕ್ಕಿಂತ (ಫ್ಲಾಸ್), ಬಾಟಲಿ ತೊಳೆಯುವ ಬ್ರಷ್ಷಿನ ಪುಟ್ಟ ರೂಪದಂತಿರುವ ಸಂದಿ ಬ್ರಷ್ ಹೆಚ್ಚು ಉಪಯುಕ್ತ, ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಿ. ಉಪ್ಪುನೀರು ಮುಕ್ಕಳಿಸುವುದು, ಎಣ್ಣೆ ಮುಕ್ಕಳಿಸುವುದು ಹಾನಿಯಲ್ಲ, ಆದರೆ ಕಿಟ್ಟವನ್ನು ತೆಗೆಯಲಾರವು. ಉಪ್ಪು, ಇದ್ದಿಲು, ಬೂದಿಯಿಂದ ಉಜ್ಜಬೇಡಿ, ಕವಚವಿಲ್ಲದ ಬೇರು ಬೇಗ ಸವೆದು ಗುಳಿ ಬೀಳುತ್ತದೆ. ಲವಂಗದ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ನಿಮ್ಮ ತೆಳುವಾದ ಒಳಪೊರೆ ಸುಡುತ್ತದೆ. ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾ ನಾಶಕ ದ್ರಾವಣವನ್ನು ವೈದ್ಯರು ಬರೆದರೆ ಎರಡು ವಾರಕ್ಕಿಂತ ಹೆಚ್ಚು ಬಳಸಬೇಡಿ, ಹಲ್ಲಿಗೆ ಕಂದು ಕರೆ ಹಿಡಿಯುತ್ತದೆ, ರುಚಿ ಕೆಡುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ಈ ವಾರ ರಕ್ತ ಪರೀಕ್ಷೆಗಳನ್ನು ಮಾಡಿಸಿ. ಅದರ ಬೆನ್ನಿಗೇ ವಸಡಿನ ತಜ್ಞರಿಂದ ಅಳತೆ ಮತ್ತು ಎಕ್ಸ್‌ರೇ ಮಾಡಿಸಿ. ದಾವಣಗೆರೆ ನಗರದಲ್ಲಿಯೇ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಸಡಿಗೂ ಬಾಯಿಯ ಒಳಪೊರೆಯ ರೋಗಗಳಿಗೂ ಬೇರೆ ಬೇರೆ ವಿಭಾಗಗಳಿರುವುದರಿಂದ ಹಲ್ಲು ಮತ್ತು ನಾಲಗೆ ಎರಡನ್ನೂ ಒಂದೇ ದಿನ ತೋರಿಸಬಹುದು, ಖರ್ಚೂ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ದವಡೆ ಹಲ್ಲು ಉಳಿಯುವಂಥದ್ದೋ ಅಲ್ಲವೋ ಎಂಬ ಅವರ ಬರಹದ ಅಭಿಪ್ರಾಯವನ್ನು ಮೂಳೆ ವೈದ್ಯರಿಗೆ ತೋರಿಸಿ ಮಾತ್ರೆ ಆರಂಭಿಸುವ ದಿನ ನಿಗದಿ ಮಾಡಿಕೊಳ್ಳಿ. ಕ್ಲೀನಿಂಗ್ ಮುಗಿದ ಮೇಲೆ ಮೊದಲ ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹೋಗಬೇಕಾಗುತ್ತದೆ. ಮಾತ್ರೆಯ ಹೆಸರನ್ನೂ ಆರಂಭಿಸಿದ ತಿಂಗಳನ್ನೂ ದಂತವೈದ್ಯರ ಚೀಟಿಯ ಮೇಲೆಯೇ ಬರೆಸಿಟ್ಟುಕೊಳ್ಳಿ, ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ಬೇರೆ ವೈದ್ಯರು ಹಲ್ಲು ಕೀಳುವಾಗಲೂ ಅವರಿಗೆ ಮೊದಲು ಬೇಕಾಗುವ ವಿವರ ಅದೇ.